ಕೆರೆಯ ಹಕ್ಕಿ, ಎರೆಯ ಹಕ್ಕಿ

ಬಳ್ಳಾರಿ ಎಂದೊಡನೆ ಹೊರನಾಡಿನವರಿಗೆ ನೆನಪಾಗುವುದು ಬಿಸಿಲು, ಬಂಡೆ ಮತ್ತು ಕೋಟೆ. ಮಳೆ ಕಡಿಮೆ, ಕಾಡು ವಿರಳ, ಬೇಸಗೆ ದೀರ್ಘ. ಇಂತಹ ಸೀಮೆಯಲ್ಲಿ ಪಕ್ಷಿವೀಕ್ಷಣೆಗೆ ಏನು ಅವಕಾಶವೆಂದು ಶಂಕಿಸುವುದು ಸಹಜವೇ ಆಗಿದೆ. ಆದರೆ ಮಾಗಿಯ ಮುಂಜಾವಿನಲ್ಲಿ ನಗರದ ಹೊರವಲಯದ ಅಲ್ಲೀಪುರ ಜಲಾಶಯದ ಏರಿಯ ಮೇಲೆ ಕ್ಷಣಕಾಲ ನಿಂತವರಿಗೆ ಈ ಶಂಕೆ ಉಳಿಯುವುದಿಲ್ಲ. ನಗರದ ಜನರಿಗೆ ಕುಡಿಯುವ ನೀರೊದಗಿಸಲೆಂದು ತುಂಗಭದ್ರಾ ಕಾಲುವೆಯಿಂದ ತುಂಬಿಸಿಕೊಳ್ಳುವ ಆ ನೀರಿನ ಹರವಿನಲ್ಲಿ ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತದೆ. ಗುಳುಮುಳುಕ ಮುಳುಗಿ ಬೇರೊಂದೆಡೆ ಏಳುತ್ತದೆ. ದಡದ ಕೆಸರಿನಲ್ಲಿ ಬೆಳ್ಳಕ್ಕಿಗಳು ಧ್ಯಾನಸ್ಥವಾದಂತೆ ನಿಂತಿರುತ್ತವೆ. ಮುಂಜಾನೆಯ ನಡಿಗೆಗೆ ಬಂದವರು ಒಂದು ಕ್ಷಣ ನಿಂತು ನೋಡಿ ಮುಂದೆ ಸಾಗುತ್ತಾರೆ.

ಇದೇ ಜಿಲ್ಲೆಯ ಸಿರುಗುಪ್ಪ ಸೀಮೆಯಲ್ಲಿ ಇದಕ್ಕೆ ತೀರ ಭಿನ್ನವಾದ ಇನ್ನೊಂದು ಹಕ್ಕಿಯುಂಟು. ಅದಕ್ಕೆ ಕೆರೆಯೂ ಬೇಡ, ಮರವೂ ಬೇಡ. ಮೊಣಕಾಲೆತ್ತರದ ಹುಲ್ಲು ಬೆಳೆದ ಬಯಲು ಎರೆನೆಲವೇ ಅದರ ಮನೆ. ಜನ ಅದನ್ನು ಎರೆಭೂತವೆಂದು ಕರೆದರು. ಎರೆಲಡ್ಡು, ದೊರೆವಾಯನ ಹಕ್ಕಿ ಎಂಬ ಹೆಸರುಗಳೂ ಅದಕ್ಕುಂಟು. ಭಾರತದ ಅತ್ಯಂತ ದೊಡ್ಡ ಹಕ್ಕಿಗಳಲ್ಲಿ ಒಂದಾದ ಇದು ಈಗ ಅಳಿವಿನ ಅಂಚಿನಲ್ಲಿದೆ. ಕೆರೆಯ ಹಕ್ಕಿ ಮತ್ತು ಎರೆಯ ಹಕ್ಕಿ ಎಂಬ ಈ ಎರಡರ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದಾಗ ಬಳ್ಳಾರಿ ಸೀಮೆಯ ಚರಿತ್ರೆಯ ಒಂದು ಮರ್ಮ ಸ್ಫುಟವಾಗುತ್ತದೆ. ಒಂದಕ್ಕೆ ಬದುಕು ನೀಡಿದ ನೀರೇ ಇನ್ನೊಂದರ ಮನೆಯನ್ನು ಕಳೆದಿದೆ. ಎರಡೂ ಮನುಷ್ಯನ ಕೈಯಿಂದಲೇ ಆದುವು. ಪ್ರಕೃತ ಲೇಖನದಲ್ಲಿ ಈ ಸಂಗತಿಯನ್ನು ವಿವೇಚಿಸಲಾಗಿದೆ.

ಬಯಲು ಮತ್ತು ದನಗಾಹಿಗಳು

ಬಳ್ಳಾರಿ ನಗರಕ್ಕೆ ಸಮೀಪದ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳು ದಕ್ಷಿಣ ಭಾರತದ ನವಶಿಲಾಯುಗದ ಪ್ರಸಿದ್ಧ ನೆಲೆಗಳು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1872ರಲ್ಲಿ ಈ ಪ್ರದೇಶವನ್ನು ಪರಿಶೀಲಿಸಿ ಇಲ್ಲಿನ ಪ್ರಾಚೀನತೆಯನ್ನು ವಿದ್ವಾಂಸರ ಗಮನಕ್ಕೆ ತಂದನು. ಆಂಗ್ಲರ ಬರಹಗಳಲ್ಲಿ ಈ ಗುಡ್ಡಕ್ಕೆ 'ಪೀಕಾಕ್ ಹಿಲ್', ಎಂದರೆ ನವಿಲುಗುಡ್ಡ ಎಂಬ ಹೆಸರಿರುವುದು ಕುತೂಹಲಕರವಾಗಿದೆ. ಆದರೆ ಗುಡ್ಡದ ಬಂಡೆಗಳ ಮೇಲೆ ಆದಿಮಾನವ ಕುಟ್ಟಿ ಮೂಡಿಸಿದ ಚಿತ್ರಗಳಲ್ಲಿ ಪ್ರಾಧಾನ್ಯವಿರುವುದು ನವಿಲಿಗಲ್ಲ, ಗೂನುಬೆನ್ನಿನ ಎತ್ತುಗಳಿಗೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963ರಿಂದ 1965ರವರೆಗೆ ಡಾ. ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನವೂ ಗುಡ್ಡಗಳ ಮೇಲೆ ವಾಸಿಸಿ ಕೃಷಿ ಮತ್ತು ಪಶುಪಾಲನೆಗಳಿಂದ ಬದುಕಿದ ಜನರ ಚಿತ್ರವನ್ನು ನೀಡಿತು. ಕುಡತಿನಿಯ ಬೂದಿದಿಬ್ಬವಂತೂ ದನಗಳ ಸಗಣಿಯ ರಾಶಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಉಂಟಾದುದೆಂದು ಸಂಶೋಧಕರು ಒಪ್ಪಿದ್ದಾರೆ.

ಪಕ್ಷಿಗಳ ಚರಿತ್ರೆಗೂ ದನಗಾಹಿಗಳಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧ ನಿಕಟವಾಗಿಯೇ ಇದೆ. ಹುಲ್ಲುಗಾವಲು ತನ್ನಷ್ಟಕ್ಕೆ ತಾನೇ ಹುಲ್ಲುಗಾವಲಾಗಿ ಉಳಿಯುವುದಿಲ್ಲ. ಮೇಯುವ ದನ, ಕುರಿ, ಕೃಷ್ಣಮೃಗಗಳು ಮಿತವಾಗಿ ಮೇಯುತ್ತಿದ್ದರೆ ಅಲ್ಲಿ ಪೊದೆ ಬೆಳೆದು ಬಯಲು ಮುಚ್ಚಿಹೋಗುವುದು ತಪ್ಪುತ್ತದೆ. ಸಹಸ್ರಾರು ವರ್ಷ ಈ ಸೀಮೆಯ ಪೂರ್ವಭಾಗದ ಎರೆನೆಲ ಹೀಗೆ ಬಯಲಾಗಿ ಉಳಿಯಿತು. ಮುಂದೆ ಉಳುಮೆ ಹಬ್ಬಿದಾಗಲೂ ಜೋಳ, ನವಣೆ, ಹತ್ತಿ, ಕಡಲೆಗಳಂತಹ ಮಳೆಯಾಧಾರಿತ ಬೆಳೆಗಳೇ ಅಲ್ಲಿ ನಡೆದುವು. ಹಿಂಗಾರಿ ಜೋಳಕ್ಕಾಗಿ ಬಿಟ್ಟ ಹೊಲ ಮುಂಗಾರಿನ ತಿಂಗಳುಗಳಲ್ಲಿ ತೆರವಾಗಿರುತ್ತಿತ್ತು. ಅದೇ ತಿಂಗಳುಗಳಲ್ಲಿ ಎರೆಭೂತ ಬಯಲಿನಲ್ಲಿ ಮೊಟ್ಟೆಯಿಡುತ್ತದೆ. ರೈತನ ಕಾಲಚಕ್ರವೂ ಹಕ್ಕಿಯ ಕಾಲಚಕ್ರವೂ ಪರಸ್ಪರ ಅಡ್ಡಿಯಾಗದೆ ಸಾಗಿದುವು.

ಕೆರೆ ಎಂಬ ಧರ್ಮಕಾರ್ಯ

ಇನ್ನು ಕೆರೆಯ ಹಕ್ಕಿಯ ಮನೆಯ ಸಂಗತಿ. ಬಳ್ಳಾರಿ ಸೀಮೆಯಲ್ಲಿ ನಿಸರ್ಗವೇ ನಿರ್ಮಿಸಿದ ಸರೋವರಗಳಿಲ್ಲವೆಂದರೂ ಸಲ್ಲುತ್ತದೆ. ಇಲ್ಲಿನ ಜಲರಾಶಿಗಳೆಲ್ಲ ಏರಿ ಕಟ್ಟಿ, ತೂಬು ಇಟ್ಟು, ಕೋಡಿ ಬಿಟ್ಟು ಮನುಷ್ಯ ಮಾಡಿದವು. ಕೆರೆ ಕಟ್ಟಿಸುವುದನ್ನು ನಮ್ಮ ಪೂರ್ವಜರು ಸಪ್ತಸಂತಾನಗಳಲ್ಲಿ ಒಂದೆಂದು ಎಣಿಸಿದರು. ಹೆತ್ತ ಮಗನಂತೆ ಕೆರೆಯೂ ಕುಲದ ಹೆಸರನ್ನು ಉಳಿಸುತ್ತದೆಂಬುದು ಅವರ ಭಾವನೆ. ಕೆರೆ ಕಟ್ಟಿದವನಿಗೂ ಕಾಪಾಡಿದವನಿಗೂ ಭೂಮಿ ಬಿಡುವ ದಶವಂದದ ಪದ್ಧತಿ ಬಳ್ಳಾರಿ, ಕಡಪ, ಅನಂತಪುರಗಳಲ್ಲಿ ಆಂಗ್ಲರ ಆಳ್ವಿಕೆಯ ಕಾಲದವರೆಗೂ ಉಳಿದುಬಂದಿತ್ತು.

ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿ ಕುರುಗೋಡಿನಿಂದ ಬಲ್ಲಕುಂದೆ ಮುನ್ನೂರನ್ನು ಆಳಿದ ಸಿಂದರ ಕಾಲಕ್ಕೆ, ಎಂದರೆ ಹನ್ನೆರಡನೆಯ ಶತಮಾನಕ್ಕೆ, ಈ ಧರ್ಮ ದೃಢವಾಗಿ ಬೇರೂರಿತ್ತು. ಅದೇ ಶತಮಾನದಲ್ಲಿ ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮನು ಕೆರೆ ಕಟ್ಟಿಸಿದುದನ್ನು ಶರಣಸಾಹಿತ್ಯದ ವಾಚಕರೆಲ್ಲರೂ ಬಲ್ಲರು. ವಿಜಯನಗರದ ಕಾಲದಲ್ಲಿ ಕೆರೆಯ ನಿರ್ಮಾಣವು ಒಂದು ಶಾಸ್ತ್ರವೇ ಆಯಿತು. ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಎಣಿಸುವುದಲ್ಲದೆ, ಆ ಕೆರೆಗೆ ದಿನವೂ ಸಾವಿರ ಜನ ಆಳುಗಳು, ನೂರು ಬಂಡಿಗಳು ಎರಡು ವರ್ಷ ದುಡಿದುವೆಂದು ಲೆಕ್ಕ ಕೊಡುತ್ತದೆ. 1520ರ ಸುಮಾರಿಗೆ ರಾಜಧಾನಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ಕೆರೆಯಲ್ಲಿ ಹದಿನೈದರಿಂದ ಇಪ್ಪತ್ತು ಸಾವಿರ ಜನ ದುಡಿಯುತ್ತಿದ್ದುದನ್ನು ಕಂಡು ವಿಸ್ಮಯಪಟ್ಟಿದ್ದಾನೆ. ತುಂಗಭದ್ರೆಗೆ ಅಣೆಕಟ್ಟುಗಳನ್ನು ಹಾಕಿ ರಾಯಕಾಲುವೆ, ಬಸವಣ್ಣ ಕಾಲುವೆ, ಕಂಪ್ಲಿ ಕಾಲುವೆ, ಸಿರುಗುಪ್ಪದ ಕಾಲುವೆಗಳನ್ನು ತೆಗೆದುದೂ ವಿಜಯನಗರದ ಸಾಧನೆಯೇ. ಅಂದಿನಿಂದಲೂ ಸಿರುಗುಪ್ಪದ ನದೀತೀರದಲ್ಲಿ ಭತ್ತ ಬೆಳೆಯುತ್ತಿದೆ. ಆದರೆ ಆ ಕಾಲುವೆಗಳ ನೀರು ದಡದ ಪಟ್ಟಿಯನ್ನು ದಾಟಿ ಒಳನಾಡಿನ ಎರೆಬಯಲಿಗೆ ಹೋಗಲಿಲ್ಲ. ಈ ಅಂಶವನ್ನು ವಾಚಕರು ಗಮನದಲ್ಲಿರಿಸಿಕೊಳ್ಳಬೇಕು.

ಕೆರೆ ಕಟ್ಟಿದವರು ಹಕ್ಕಿಗಾಗಿ ಕಟ್ಟಲಿಲ್ಲ. ಗದ್ದೆಗೆ, ಗುಡಿಗೆ, ಊರಿಗೆ ನೀರು ಬೇಕಾಗಿತ್ತು. ಆದರೆ ನೀರು ನಿಂತ ಕಡೆ ಮೀನು ಹುಟ್ಟಿತು, ಕಪ್ಪೆ ಕೂಗಿತು, ಜೊಂಡು ಬೆಳೆಯಿತು. ಅವುಗಳ ಹಿಂದೆ ಹಕ್ಕಿ ಬಂತು. ಹಿಮಾಲಯದಾಚೆಯ ಟಿಬೆಟ್, ಮಂಗೋಲಿಯಾಗಳಿಂದ ಹೊರಟ ಪಟ್ಟೆತಲೆ ಹೆಬ್ಬಾತುಗಳು ದಖ್ಖನಿನ ಒಣನೆಲದ ಮೇಲೆ ಹಾರುತ್ತ ಬಂದು ಇಳಿದುದು ಈ ಕೆರೆಗಳಿಗೇ. ಯಾರನ್ನೂ ಉದ್ದೇಶಿಸದೆ ಮಾಡಿದ ಉಪಕಾರವೆಂದು ಇದನ್ನು ಕರೆಯಬಹುದು.

ವಿನೋದ, ಸಂತೆ, ಕೋವಿ

ಹಕ್ಕಿಗಳು ಇದ್ದುವು ಸರಿ. ಅವುಗಳನ್ನು ಜನ ಹೇಗೆ ನೋಡಿದರು ಎಂಬುದು ಮುಂದಿನ ಪ್ರಶ್ನೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 'ಮಾನಸೋಲ್ಲಾಸ'ವು (ಸುಮಾರು 1129) ರಾಜನ ವಿನೋದಗಳನ್ನು ವಿವರಿಸುವಾಗ ಶ್ಯೇನವಿನೋದವನ್ನು, ಎಂದರೆ ಡೇಗೆಯನ್ನು ಹಾರಿಸಿ ಇತರ ಹಕ್ಕಿಗಳನ್ನು ಹಿಡಿಸುವ ಆಟವನ್ನು, ಪ್ರತ್ಯೇಕವಾಗಿ ನಿರೂಪಿಸುತ್ತದೆ. ಅಂದಿನ ಅರಸನ ಕಣ್ಣಿಗೆ ಹಕ್ಕಿ ವಿನೋದದ ವಸ್ತು.

ಕವಿಗಳ ಕಣ್ಣು ಬೇರೆ. ಹಂಸ, ಚಕೋರ, ಚಾತಕಗಳು ಕಾವ್ಯಸಮಯದ ಹಕ್ಕಿಗಳಾಗಿ ಪುಸ್ತಕದಿಂದ ಪುಸ್ತಕಕ್ಕೆ ಹಾರಿದುವು. ಇದಕ್ಕೆ ಅಪವಾದವೆಂಬಂತೆ ಅಕ್ಕಮಹಾದೇವಿಯು ತನ್ನ ಆರಾಧ್ಯದೈವವನ್ನು ಅರಸುತ್ತ ಗಿಳಿ, ಕೋಗಿಲೆ, ನವಿಲು, ಹಂಸೆಗಳನ್ನು ನೇರವಾಗಿ ಮಾತನಾಡಿಸುತ್ತಾಳೆ. ಅಲ್ಲಿ ಹಕ್ಕಿ ಅಲಂಕಾರವಲ್ಲ. ದಾರಿಯಲ್ಲಿ ಎದುರಾದ ಸಹಜೀವಿ.

ವಿಜಯನಗರದ ಸಂತೆಯಲ್ಲಿ ಹಕ್ಕಿಯ ಸ್ಥಾನ ಇನ್ನೊಂದು. ಪಾಯೆಸನ ವರದಿಯಂತೆ ರಾಜಧಾನಿಯ ಪೇಟೆಯಲ್ಲಿ ಕೌಜುಗ, ಬುರ್ಲಿ, ಪಾರಿವಾಳಗಳ ಜೊತೆಗೆ ಕೆರೆಗಳಲ್ಲಿ ವಾಸಿಸುವ, ಹೆಬ್ಬಾತನ್ನು ಹೋಲುವ ಹಕ್ಕಿಗಳನ್ನೂ ಜೀವಂತವಾಗಿ, ಬಹಳ ಅಗ್ಗವಾಗಿ ಮಾರುತ್ತಿದ್ದರು. ಐನೂರು ವರ್ಷಗಳ ಹಿಂದೆಯೇ ಈ ಸೀಮೆಯ ಕೆರೆಗಳಲ್ಲಿ ನೀರುಹಕ್ಕಿಗಳು ಹೇರಳವಾಗಿದ್ದುವೆಂಬುದಕ್ಕೆ ಇದೊಂದು ಪ್ರತ್ಯಕ್ಷ ಸಾಕ್ಷಿ. ಅಗ್ಗವೆಂಬ ಒಂದೇ ಮಾತು ಅವುಗಳ ಸಂಖ್ಯೆಯನ್ನು ಸೂಚಿಸುತ್ತದೆ.

1800ರಲ್ಲಿ ನಿಜಾಮನು ಬಳ್ಳಾರಿಯನ್ನು ಕಂಪೆನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ಬಳಿಕ ಕೋವಿಯ ಕಾಲ ಬಂತು. ಕೋವಿ ಹಿಡಿದವರಲ್ಲಿ ಕೆಲವರು ಪುಸ್ತಕವನ್ನೂ ಹಿಡಿದಿದ್ದರೆಂಬುದನ್ನು ಮರೆಯಲಾಗದು. ಮದರಾಸು ಸೈನ್ಯದ ವೈದ್ಯ ಥಾಮಸ್ ಜೆರ್ಡನ್ 1862ರಿಂದ 1864ರ ಅವಧಿಯಲ್ಲಿ ಪ್ರಕಟಿಸಿದ ಭಾರತೀಯ ಪಕ್ಷಿಗಳ ಗ್ರಂಥವು ಆ ಶಾಸ್ತ್ರಕ್ಕೆ ಬುನಾದಿಯಾಯಿತು. ಹಕ್ಕಿಗಳ ದೇಶೀಯ ಹೆಸರುಗಳನ್ನೂ ಅವನು ಶ್ರದ್ಧೆಯಿಂದ ಸಂಗ್ರಹಿಸಿದನು. ಆದರೆ ಬೇಟೆಯ ಹುಚ್ಚಿಗೆ ಮಿತಿಯಿರಲಿಲ್ಲ. ಮಹಾರಾಷ್ಟ್ರದ ಅಹಮದನಗರ ಸೀಮೆಯಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಆಂಗ್ಲನು 1809ರಿಂದ 1829ರವರೆಗೆ 961 ಎರೆಭೂತಗಳನ್ನು ಹೊಡೆದನೆಂದು ದಾಖಲೆಯಿದೆ. ಇಂದು ಜಗತ್ತಿನಲ್ಲಿ ಈ ಹಕ್ಕಿಗಳು ಉಳಿದಿರುವ ಸಂಖ್ಯೆ ಇನ್ನೂರನ್ನೂ ಮುಟ್ಟಲಾರದೆಂಬುದನ್ನು ನೆನೆದರೆ ಆ ಒಬ್ಬ ಬೇಟೆಗಾರನ ಲೆಕ್ಕ ಎದೆಯನ್ನು ನಡುಗಿಸುತ್ತದೆ.

ಇನ್ನೊಂದು ಸಂಗತಿಯೂ ಗಮನಾರ್ಹ. ಡಾ. ಸಲೀಂ ಅಲಿಯವರು 1931-32ರಲ್ಲಿ ಹೈದರಾಬಾದ್ ಸಂಸ್ಥಾನದ, 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಬಳ್ಳಾರಿ ಆಗ ಮದರಾಸು ಪ್ರಾಂತದ ಜಿಲ್ಲೆ. ತುಂಗಭದ್ರೆಯ ಆಚೆ ದಡ ಒಂದು ಸಮೀಕ್ಷೆಯ ವ್ಯಾಪ್ತಿಗೂ, ದಕ್ಷಿಣದ ಚಿತ್ರದುರ್ಗ ಇನ್ನೊಂದರ ವ್ಯಾಪ್ತಿಗೂ ಸೇರಿದುವು; ನಡುವಣ ಬಳ್ಳಾರಿ ಎರಡಕ್ಕೂ ಸೇರದೆ ಉಳಿಯಿತು. ರಾಜಕೀಯ ಗಡಿಗಳು ಹಕ್ಕಿಗಳಿಗೆ ಇಲ್ಲದಿದ್ದರೂ ಹಕ್ಕಿಗಳ ಚರಿತ್ರೆಗೆ ಉಂಟೆಂಬುದಕ್ಕೆ ಇದು ನಿದರ್ಶನ. ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದವರು ಮುಂದಿನ ಕಾಲದಲ್ಲಿ ರಜಾದಿನಗಳಲ್ಲಿ ದುರ್ಬೀನು ಹಿಡಿದು ಕೆರೆಯಂಗಳ ಸುತ್ತಿದ ಸ್ಥಳೀಯ ನಿಸರ್ಗಪ್ರಿಯರು.

1953

1953ನೆಯ ವರ್ಷವು ಬಳ್ಳಾರಿಯ ಪಾಲಿಗೆ ಎರಡು ದೃಷ್ಟಿಯಿಂದ ಸ್ಮರಣೀಯ. ಅಕ್ಟೋಬರ್ 1ರಂದು ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದುವು. ಅದೇ ವರ್ಷ, 1945ರಲ್ಲಿ ಆರಂಭವಾಗಿದ್ದ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿತು. ಬಲದಂಡೆಯ ಕೆಳಮಟ್ಟದ ಕಾಲುವೆ ಕುರುಗೋಡು, ಸಿರುಗುಪ್ಪಗಳ ಎರೆಬಯಲನ್ನು ಹಾಯ್ದು ಕರ್ನೂಲಿನ ಕಡೆಗೂ, ಮುಂದೆ ಸಿದ್ಧವಾದ ಮೇಲ್ಮಟ್ಟದ ಕಾಲುವೆ ಬಳ್ಳಾರಿಯ ಮಾರ್ಗವಾಗಿ ಅನಂತಪುರದ ಕಡೆಗೂ ನೀರನ್ನೊಯ್ದುವು.

ಈ ನೀರಿನ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. 1876-78ರ ಭೀಕರ ಕ್ಷಾಮದಲ್ಲಿ ಮದರಾಸು ಪ್ರಾಂತದಲ್ಲಿಯೇ ಅತಿಯಾಗಿ ಬೆಂದುಹೋದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅಂತಹ ನೆಲ ಭತ್ತದ ಕಣಜವಾಯಿತು. ಜೋಳದ ರೊಟ್ಟಿಗೂ ಮಳೆಯನ್ನೇ ಕಾಯುತ್ತಿದ್ದ ಸಿರುಗುಪ್ಪದ ರೈತ ಅಕ್ಕಿಯನ್ನು ಹೊರನಾಡಿಗೆ ಕಳುಹಿಸುವಂತಾದನು. ಕರಾವಳಿ ಆಂಧ್ರದಿಂದ ಬಂದ ಬೇಸಾಯಗಾರರ ಕ್ಯಾಂಪುಗಳು ತಲೆಯೆತ್ತಿದುವು. ಅಕ್ಕಿಗಿರಣಿಗಳು ಬಂದುವು. ಕೆರೆಯ ಹಕ್ಕಿಗಳಿಗೂ ಇದು ಸುಗ್ಗಿಯೇ. ಜಲಾಶಯದ ಹಿನ್ನೀರು, ಕಾಲುವೆಯ ಬಸಿನೀರು, ಕೆಸರುಗದ್ದೆ, ವರ್ಷವಿಡೀ ತುಂಬಿದ ಕೆರೆ, ಇವೆಲ್ಲ ಬಾತು, ಕೊಕ್ಕರೆ, ಕೆಂಬರಲುಗಳಿಗೆ ಹೊಸ ಅನ್ನಛತ್ರಗಳಾದುವು. ಅಲ್ಲೀಪುರದ ಜಲಾಶಯ ತುಂಬುವುದೂ ಇದೇ ನೀರಿನಿಂದ.

ಎರೆಭೂತದ ಪಾಲಿಗೆ ಮಾತ್ರ ಈ ನೀರು ಹಾಲಾಹಲವಾಯಿತು. ಆ ಹಕ್ಕಿಯ ಜೀವನಕ್ರಮವನ್ನು ಅರಿತರೆ ಕಾರಣ ತಿಳಿಯುತ್ತದೆ. ಸುಮಾರು ಒಂದು ಮೀಟರು ಎತ್ತರ ನಿಲ್ಲುವ, ಗಂಡಾದರೆ ಹದಿನೈದು ಕಿಲೋಗ್ರಾಮಿನವರೆಗೂ ತೂಗುವ ಈ ಹಕ್ಕಿ ಮಿಡತೆ, ಜೀರುಂಡೆ, ಓತಿ, ಕಾಳು, ಹಣ್ಣುಗಳನ್ನು ತಿಂದು ಬದುಕುತ್ತದೆ. ಮಳೆಗಾಲದಲ್ಲಿ ಗಂಡು ಕೊರಳ ಚೀಲವನ್ನು ಊದಿಸಿ ಬಯಲಿನಲ್ಲಿ ಬಹುದೂರ ಕೇಳುವಂತೆ ಗಂಭೀರವಾಗಿ ಹೂಂಕರಿಸುತ್ತದೆ. ಹೆಣ್ಣು ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಗೂಡಿಲ್ಲ, ಮರೆಯಿಲ್ಲ, ಬಯಲಿನ ಹರವೇ ಅದಕ್ಕೆ ರಕ್ಷೆ. ಆ ಬಯಲಿನಲ್ಲಿ ನೀರು ನಿಂತು ವರ್ಷಕ್ಕೆ ಎರಡು ಬೆಳೆಯ ಭತ್ತ ಬಂದರೆ ಮೊಟ್ಟೆಗೆ ಅಂಗೈಯಗಲದ ಒಣನೆಲವೂ ಉಳಿಯದು. ಭತ್ತಕ್ಕೂ ಹತ್ತಿಗೂ ಸಿಂಪಡಿಸುವ ಕೀಟನಾಶಕದಿಂದ ಮಿಡತೆಗಳ ಸಂತತಿ ಕುಗ್ಗಿ ಆಹಾರವೂ ಕಡಿಮೆಯಾಯಿತು. ಇದಕ್ಕೆ ಸೇರಿ ಬಂದುದು ವಿದ್ಯುತ್ ತಂತಿ. ಈ ಹಕ್ಕಿಯ ಕಣ್ಣಿಗೆ ಎರಡು ಪಾರ್ಶ್ವಗಳು ವಿಶಾಲವಾಗಿ ಕಾಣುತ್ತವೆ. ನೇರ ಮುಂದಿನದು ಚೆನ್ನಾಗಿ ಕಾಣದು. ಭಾರವಾದ ಮೈಯನ್ನು ಹಾರುತ್ತಲೇ ತಟ್ಟನೆ ತಿರುಗಿಸಲೂ ಆಗದು. ತಂತಿಗೆ ಬಡಿದು ಸಾಯುವುದು ಅದರ ವಿಧಿಯಾಗಿದೆ. ರಾಜಸ್ಥಾನ, ಗುಜರಾತುಗಳಲ್ಲಿ ಈ ಸಂಬಂಧವಾಗಿ ತಂತಿಗಳನ್ನು ನೆಲದಡಿ ಹಾಯಿಸಬೇಕೆಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2021ರಲ್ಲಿ ನೀಡಿದ ಆದೇಶವನ್ನು ನ್ಯಾಯಾಲಯ 2024ರಲ್ಲಿ ಮಾರ್ಪಡಿಸಿತು.

1963ರಲ್ಲಿ ನವಿಲನ್ನು ರಾಷ್ಟ್ರಪಕ್ಷಿಯಾಗಿ ಆರಿಸಿದರು. ಆ ಗೌರವಕ್ಕೆ ಎರೆಭೂತದ ಹೆಸರನ್ನು ಸಲೀಂ ಅಲಿಯವರು ಸೂಚಿಸಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ಅತ್ಯುಚ್ಚ ರಕ್ಷಣೆ ನೀಡಿತು. ಕೃಷ್ಣಮೃಗಗಳಿಗೆಂದು 1974ರಲ್ಲಿ ಘೋಷಿತವಾದ ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಎರೆಭೂತವೂ ಇತ್ತು. ಈಗ ಅಲ್ಲಿ ಕಾಣಸಿಗದು. ಅದು ಅತ್ಯಂತ ಅಪಾಯದಲ್ಲಿರುವ ಜೀವಿಯೆಂದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2011ರಲ್ಲಿ ಸಾರಿತು. ಹೀಗೆ ಎಲ್ಲೆಡೆ ಅಳಿಯುತ್ತಿದ್ದಾಗಲೂ ಈ ಶತಮಾನದಲ್ಲಿ ಸಿರುಗುಪ್ಪ ಸೀಮೆಯ ನೀರಾವರಿಯಾಗದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಎರೆಭೂತಗಳು ಕಂಡುಬಂದುದರಿಂದ ಕರ್ನಾಟಕದ ಮಟ್ಟಿಗೆ ಆ ಹಕ್ಕಿಯ ಕೊನೆಯ ಆಶ್ರಯವೆಂಬ ಹೆಸರು ಸಿರುಗುಪ್ಪಕ್ಕೆ ಬಂದಿದೆ.

ಎರಡು ಜಾಲಿಗಳು

ಬಳ್ಳಾರಿಯ ಹೆಸರನ್ನು ಹೊತ್ತು ಕರ್ನಾಟಕವನ್ನೆಲ್ಲ ಹಬ್ಬಿದ ಗಿಡವೊಂದುಂಟು. ಅದೇ ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಗಿಡ ಅಮೆರಿಕಾ ಖಂಡದ್ದು. 1877ರಲ್ಲಿ, ಎಂದರೆ ಮಹಾಕ್ಷಾಮದ ನಡುವೆ, ಜಮೈಕಾದಿಂದ ಬೀಜ ತರಿಸಿ ನೆರೆಯ ಕಡಪ ಸೀಮೆಯಲ್ಲಿ ಮೊದಲು ಬಿತ್ತಿದರು. ಬರಡುನೆಲಕ್ಕೆ ಹಸಿರು, ಬಡವರಿಗೆ ಉರುವಲು ಆಗಲೆಂಬುದು ಉದ್ದೇಶ. ಉರುವಲಂತೂ ದೊರೆಯಿತು. ಆದರೆ ಅದು ಕೆರೆಯಂಗಳವನ್ನೂ ಹುಲ್ಲುಗಾವಲನ್ನೂ ಏಕರೀತಿಯಾಗಿ ಆಕ್ರಮಿಸಿ ತನ್ನ ನೆರಳಿನಲ್ಲಿ ಹುಲ್ಲು ಏಳದಂತೆ ಮಾಡಿತು. ಬಯಲನ್ನೇ ನಂಬಿದ ಹಕ್ಕಿಗೆ ಮುಳ್ಳುಪೊದೆ ಭತ್ತದ ಗದ್ದೆಯಷ್ಟೇ ಪರಕೀಯ.

ಇದಕ್ಕೆ ಪ್ರತಿಯಾಗಿ ನಮ್ಮದೇ ನೆಲದ ಕರಿಜಾಲಿ ಏನು ಮಾಡಿತೆಂಬುದನ್ನು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ ನೋಡಬಹುದು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗುವವರೆಗೆ ಈ ಊರು ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಅಲ್ಲಿಯ ಕೆರೆ ಶತಮಾನಗಳ ಹಿಂದಿನ ಗ್ರಾಮದ ಕೆರೆ. ವಿಸ್ತಾರ 244 ಎಕರೆ. ಅರಣ್ಯ ಇಲಾಖೆ ಕೆರೆಯಂಗಳದಲ್ಲಿ ನೆಟ್ಟ ಕರಿಜಾಲಿಗಳು ಬೆಳೆದ ಮೇಲೆ ಅವುಗಳ ಸುತ್ತ ನೀರು ನಿಂತಿತು. ನಾಯಿ ನರಿಗಳು ತಲುಪಲಾರದ ಆ ಮರಗಳು ಹಕ್ಕಿಗಳಿಗೆ ಕೋಟೆಗಳಾದುವು. ಬಣ್ಣದ ಕೊಕ್ಕರೆ, ಕೆಂಬರಲು, ನೀರುಕಾಗೆಗಳು ಕೊಂಬೆಕೊಂಬೆಗೂ ಗೂಡು ಕಟ್ಟಿದುವು. ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ ಇಲ್ಲವೆ ರಾತ್ರಿ ತಂಗುತ್ತವೆ. ಒಟ್ಟು 240 ಜಾತಿಯ ಹಕ್ಕಿಗಳು ದಾಖಲಾಗಿವೆ. 2017ರಲ್ಲಿ ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆಗಳೊಂದಿಗೆ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಯನ್ನು ಸೇರಿತು. ಯಾವನೋ ಪುಣ್ಯಾತ್ಮ ಊರಿನ ಗದ್ದೆಗೆಂದು ಕಟ್ಟಿದ ಕೆರೆ ಲೋಕಪ್ರಸಿದ್ಧವಾಯಿತು.

ಕೆರೆಯ ಹಕ್ಕಿಗಳ ರಕ್ಷಣೆಯಲ್ಲಿ ಈ ಸೀಮೆ ಹಿಂದೆ ಬಿದ್ದಿಲ್ಲವೆಂಬುದು ಸಂತೋಷದ ಸಂಗತಿ. ನದಿಯ ನೀರುನಾಯಿಗಳಿಗಾಗಿ 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ತುಂಗಭದ್ರೆಯನ್ನೂ, ಬಂಡೆಗುಡ್ಡಗಳ ಕರಡಿಗಳಿಗಾಗಿ 1994ರಲ್ಲಿ ದರೋಜಿಯನ್ನೂ ಸಂರಕ್ಷಿತ ಪ್ರದೇಶಗಳಾಗಿ ಮಾಡಲಾಯಿತು. ನೀರಿಗೂ ಗುಡ್ಡಕ್ಕೂ ಹೀಗೆ ರಕ್ಷಣೆ ದೊರೆತಿದೆ. ಬಯಲೊಂದು ಹಿಂದೆ ಉಳಿಯಿತು. ಬಯಲನ್ನು ಬರಡೆಂದೂ ಬೀಳೆಂದೂ ಕಂದಾಯದ ಲೆಕ್ಕದಲ್ಲಿ ಬರೆಯುವ ಪರಿಪಾಠವೇ ಇದಕ್ಕೆ ಮೂಲ.

ಸೊನ್ನಲಿಗೆಯ ಪಾಠ

ಹಾಗಾದರೆ ಉಳಿದ ಬಯಲನ್ನು ಹೇಗೆ ಕಾಯಬೇಕು? ಈ ಪ್ರಶ್ನೆಗೆ ಸೊಲ್ಲಾಪುರದ ಚರಿತ್ರೆಯಲ್ಲಿ ಒಂದು ಪಾಠವಿದೆ. ಸಿದ್ಧರಾಮನ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ನಗರದ ನಡುವೆ ಸಿದ್ಧೇಶ್ವರ ದೇಗುಲವನ್ನು ಸುತ್ತುವರಿದು ಕೆರೆ ಇಂದಿಗೂ ಇದೆ. ಭಕ್ತರೂ ಹಕ್ಕಿಗಳೂ ಒಟ್ಟಿಗೆ ಕಾಣಸಿಗುವ ನಗರದ ಕೆರೆ ಅದು. ಅದೇ ನಗರಕ್ಕೆ ಸಮೀಪದ ನಾನ್ನಜ್ ಬಯಲಿನಲ್ಲಿ ಎರೆಭೂತಗಳಿದ್ದುವು. ಅಲ್ಲಿಯೂ ಹೀಗೆ ಕೆರೆಯ ಹಕ್ಕಿ, ಎರೆಯ ಹಕ್ಕಿಗಳು ನೆರೆಹೊರೆಯಾಗಿದ್ದುವು. 1979ರಲ್ಲಿ ಮಹಾರಾಷ್ಟ್ರ ಸರ್ಕಾರ ಆ ಹಕ್ಕಿಗೆಂದು 8,496 ಚದರ ಕಿಲೋಮೀಟರಿನ ಅಭಯಾರಣ್ಯವನ್ನು ಘೋಷಿಸಿತು. ಊರುಗಳು, ಪಟ್ಟಣಗಳು, ರೈತರ ಸ್ವಂತ ಹೊಲಗಳು ಎಲ್ಲವೂ ಗಡಿಯೊಳಗೆ ಬಂದುವು. ಹೊಲ ಮಾರುವುದಕ್ಕೂ ಮನೆ ಕಟ್ಟುವುದಕ್ಕೂ ತೊಡಕುಗಳುಂಟಾದುವು. ಹಕ್ಕಿಯಿಂದಲೇ ತನಗೆ ಈ ಕಷ್ಟವೆಂದು ರೈತನಿಗೆ ತೋರಿತು. ಮುಂದೆ ಸರ್ಕಾರ ಅಭಯಾರಣ್ಯದ ವಿಸ್ತಾರವನ್ನು ಬಹುವಾಗಿ ಕುಗ್ಗಿಸಬೇಕಾಯಿತು. ಅಷ್ಟರಲ್ಲಿ ಹಕ್ಕಿಗಳೂ ಕುಗ್ಗಿಹೋಗಿದ್ದುವು.

ಸಿದ್ಧರಾಮನ ಕೆರೆ ಎಂಟು ಶತಮಾನ ಉಳಿದುದಕ್ಕೂ, ಕಾಗದದ ಅಭಯಾರಣ್ಯ ಕೆಲವೇ ದಶಕಗಳಲ್ಲಿ ಕುಗ್ಗಿದುದಕ್ಕೂ ಕಾರಣ ಒಂದೇ. ಕೆರೆಯಲ್ಲಿ ಊರಿಗೆ ಪಾಲಿತ್ತು. ಅಭಯಾರಣ್ಯದಲ್ಲಿ ಊರಿಗೆ ಪಾಲಿರಲಿಲ್ಲ. ಸಿರುಗುಪ್ಪದಲ್ಲಿ ಈ ತಪ್ಪು ಮರುಕಳಿಸಬಾರದು. ಅಲ್ಲಿ ಹಕ್ಕಿಗಳು ಕಂಡುಬಂದುದು ರೈತರ ಹೊಲಗಳಲ್ಲಿ. ಮಳೆಯಾಧಾರಿತ ಜೋಳ, ನವಣೆ, ಕಡಲೆಗಳನ್ನೇ ಮುಂದುವರಿಸುವ ರೈತನಿಗೆ ಭತ್ತದಿಂದ ದೊರೆಯಬಹುದಾದ ಆದಾಯದ ನಷ್ಟವನ್ನು ಸಮಾಜ ತುಂಬಿಕೊಡಬೇಕು. ಮೊಟ್ಟೆಯಿಡುವ ಕಾಲದಲ್ಲಿ ಬೀಳು ಬಿಟ್ಟ ಹೊಲಕ್ಕೆ ಗೌರವಧನ ಸಲ್ಲಬೇಕು. ಹಿಂದೆ ಕೆರೆ ಕಾಯುವವನಿಗೆ ದಶವಂದ ಬಿಟ್ಟಂತೆ ಬಯಲು ಕಾಯುವವನಿಗೂ ಒಂದು ದಶವಂದ ಬೇಕಾಗಿದೆ. ಗೋಮಾಳಗಳಲ್ಲಿ ಬಳ್ಳಾರಿ ಜಾಲಿಯನ್ನು ಬುಡಸಮೇತ ತೆಗೆದು ಹುಲ್ಲು ಬೆಳೆಯಗೊಟ್ಟರೆ ಕುರಿಗಾಹಿಗೂ ಲಾಭ, ಕೃಷ್ಣಮೃಗಕ್ಕೂ ಲಾಭ. ರಾಜಸ್ಥಾನದ ಸಮ್ ಎಂಬಲ್ಲಿ 2019ರಿಂದ ಎರೆಭೂತದ ಮೊಟ್ಟೆಗಳನ್ನು ತಂದು ಮರಿ ಮಾಡಿಸಿ ಸಾಕುವ ಪ್ರಯತ್ನ ನಡೆದಿದ್ದು, 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿಯೊಂದು ಜನಿಸಿತು. ಆ ಸಂತತಿ ವೃದ್ಧಿಯಾಗಿ ಎಂದಾದರೊಂದು ದಿನ ದಕ್ಷಿಣಕ್ಕೆ ಬರಬೇಕಾದರೆ ಇಳಿಯಲು ಬಯಲು ಉಳಿದಿರಬೇಕು. ಹಕ್ಕಿಯನ್ನು ಮತ್ತೆ ತರಬಹುದು. ಗದ್ದೆಯಾಗಿ, ನಿವೇಶನವಾಗಿ ಹೋದ ಬಯಲನ್ನು ಮತ್ತೆ ತರುವುದು ದುಸ್ಸಾಧ್ಯ.

ನೋಡುವವರ ಧರ್ಮ

ಇಂದು ಪಕ್ಷಿವೀಕ್ಷಣೆ ಜನಪ್ರಿಯವಾಗುತ್ತಿದೆ. ಶಾಲೆಯ ಮಕ್ಕಳು ಕೆರೆಯಂಗಳಕ್ಕೆ ಬಂದು ಹಕ್ಕಿಗಳ ಹೆಸರು ಬರೆದುಕೊಳ್ಳುತ್ತಾರೆ. ಅರಸನ ವಿನೋದ, ಸಂತೆಯ ಸರಕು, ಬೇಟೆಗಾರನ ಗುರಿ ಎಂಬ ಹಂತಗಳನ್ನು ದಾಟಿ ಹಕ್ಕಿ ಈಗ ಸುಮ್ಮನೆ ನೋಡುವ ವಸ್ತುವಾಗಿದೆ. ಚರಿತ್ರೆಯ ದೃಷ್ಟಿಯಿಂದ ಇದು ಸಣ್ಣ ಬದಲಾವಣೆಯಲ್ಲ. ಆದರೆ ನೋಟಕ್ಕೂ ಒಂದು ಸಂಯಮ ಬೇಕು. ಛಾಯಾಚಿತ್ರದ ಹಂಬಲದಿಂದ ಗೂಡಿನ ಸಮೀಪಕ್ಕೆ ಹೋಗುವುದು, ವಾಹನದಲ್ಲಿ ಬಯಲಿನ ಹಕ್ಕಿಯನ್ನು ಬೆನ್ನಟ್ಟುವುದು ಕೋವಿಯಿಲ್ಲದ ಬೇಟೆಯೇ ಸರಿ. ಒಂದೇ ಮೊಟ್ಟೆಯಿಡುವ ಎರೆಭೂತವನ್ನು ಒಮ್ಮೆ ಎಬ್ಬಿಸಿದರೆ ಆ ವರ್ಷದ ಸಂತತಿಯೇ ಹೋದೀತು. ಅದು ಕಂಡ ಸ್ಥಳವನ್ನು ಡಂಗುರ ಹೊಡೆಯದಿರುವುದೇ ಅದಕ್ಕೆ ಸಲ್ಲಿಸುವ ಸೇವೆ. ಕೆರೆಯ ಹಕ್ಕಿಗಳನ್ನು ಮನದಣಿಯೆ ನೋಡಲಿ. ಏರಿಯ ಮೇಲೆ ನಿಂತು ದೂರದಿಂದ ನೋಡಿದರೂ ಅವು ಕಾಣುತ್ತವೆ.

ಎರೆಹೊಲದ ಬದುವಿನಲ್ಲಿ, ದಾರಿಬದಿಯ ತಂತಿಯ ಮೇಲೆ ಒಂಟಿಯಾಗಿ ಕುಳಿತಿರುವ ನೀಲಕಂಠವನ್ನು ಈ ಸೀಮೆಯ ಎಲ್ಲರೂ ಬಲ್ಲರು. ಹಾಲಾಹಲವನ್ನು ಕೊರಳಲ್ಲಿ ಧರಿಸಿ ಲೋಕವನ್ನು ಕಾಯ್ದ ಶಿವನ ಹೆಸರನ್ನು ಹೊತ್ತ ಆ ಹಕ್ಕಿ ಕರ್ನಾಟಕದ ರಾಜ್ಯಪಕ್ಷಿಯೂ ಹೌದು. ಅದು ಕೂಡ ಬಯಲಿನ ಹಕ್ಕಿಯೇ. ಹುಲ್ಲಿನ ಹುಳುಗಳೇ ಅದರ ಅನ್ನ. ಬಯಲಿಗೆ ಬಂದ ಕಷ್ಟ ನಾಳೆ ಅದಕ್ಕೂ ಬಂದೀತು.

ಕೆರೆ ಕಟ್ಟಿಸಿದವರ ಹೆಸರುಗಳು ಶಾಸನಗಳಲ್ಲಿವೆ. ಅವರು ಹಕ್ಕಿಯನ್ನು ನೆನೆಯಲಿಲ್ಲ. ಆದರೂ ಹಕ್ಕಿ ಬಂದು ಅವರ ಪುಣ್ಯದಲ್ಲಿ ಪಾಲು ಪಡೆಯಿತು. ಎರೆಯ ಹಕ್ಕಿಗೆ ಯಾರೂ ಏನನ್ನೂ ಕಟ್ಟಿಕೊಡಬೇಕಾಗಿಲ್ಲ. ಕುರುಗೋಡಿನಿಂದ ಸಿರುಗುಪ್ಪದವರೆಗಿನ ಹಸಿರು ಗದ್ದೆಗಳ ಅಂಚಿನಲ್ಲಿ ಇನ್ನೂ ಒಣಗಿ ಬಿದ್ದಿರುವ ಕೆಲವು ಸಾವಿರ ಎಕರೆ ಎರೆನೆಲವನ್ನು ಬರಡೆನ್ನದೆ, ಬೀಳೆನ್ನದೆ, ಇದ್ದಂತೆಯೇ ಇರಗೊಟ್ಟರೆ ಅದಕ್ಕೆ ಸಾಕು. ಈ ನಾಡಿನ ಹಿಂದಿನವರಿಗೆ ಕೆರೆ ಕಟ್ಟುವುದು ಧರ್ಮವಾಗಿತ್ತು. ಇಂದಿನವರಿಗೆ ಅಷ್ಟು ಬಯಲನ್ನು ಉಳಿಸುವುದೂ ಅದೇ ಧರ್ಮದ ಮುಂದುವರಿಕೆಯಾಗಬೇಕಾಗಿದೆ.